ಒಂದೇ ಆಲ್ಬಂ ಮಾಡಿ ಹೊರಟ ಹುಡುಗರು



ಇವತ್ತಿನ ಮಾತು ನಾರ್ವೆ ದೇಶದ ಒಂದು ಸಣ್ಣ ಸಂಗೀತ ತಂಡದ ಬಗ್ಗೆ. ತಂಡದ ಹೆಸರು ಕ್ವಿಸ್ಟ್. 1990ರ ದಶಕದ ಮೊದಲ ಭಾಗದಲ್ಲಿ ಬೆರಳೆಣಿಕೆಯ ಹುಡುಗರು ಸೇರಿ ಕಟ್ಟಿದ ತಂಡ ಅದು. 1996ರಲ್ಲಿ ಅವರದೊಂದು ಆಲ್ಬಂ ಹೊರಬಂತು. ಅದರಲ್ಲಿದ್ದದ್ದು ಆರು ಹಾಡು. ಎರಡನೆಯ ಆಲ್ಬಂ ಬರಲೇ ಇಲ್ಲ. ಅವರು ನುಡಿಸುತ್ತಿದ್ದ ಸಂಗೀತಕ್ಕೆ ಸಿಂಫೋನಿಕ್ ಬ್ಲ್ಯಾಕ್ ಮೆಟಲ್ ಎನ್ನುತ್ತಾರೆ. ಈ ಹೆಸರನ್ನು ನಿಮ್ಮಲ್ಲಿ ಹಲವರು ಮೊದಲ ಸಲ ಕೇಳುತ್ತಿರಬಹುದು, ಕೆಲವರ ಮನೆಯ ಮಕ್ಕಳು ಇದನ್ನೇ ಕಿವಿಗೆ ಸಿಕ್ಕಿಸಿಕೊಂಡು ಓಡಾಡುತ್ತಿರಲೂಬಹುದು.

ಇಷ್ಟು ಅಲ್ಪಾಯುಷಿಯಾದ ತಂಡಕ್ಕೆ ಬಾನುಲಿಯಲ್ಲಿ ಇಷ್ಟು ಹೊತ್ತು ಏಕೆ ಎಂದರೆ ನನ್ನ ಉತ್ತರ ನೇರವಾಗಿದೆ. ಆ ಆರು ಹಾಡುಗಳು ಚೆನ್ನಾಗಿವೆ. ಬರೀ ಚೆನ್ನಾಗಿವೆ ಅಂದರೆ ಕಡಿಮೆಯಾಯಿತು; ಆ ಪ್ರಕಾರದಲ್ಲಿ ಬಂದಿರುವ ಒಳ್ಳೆಯ ಕೆಲಸದ ಪಟ್ಟಿ ಮಾಡಿದರೆ ಅವು ಮೇಲಿನ ಸಾಲಿನಲ್ಲೇ ನಿಲ್ಲುತ್ತವೆ. ಒಂದು ತಂಡದ ದೊಡ್ಡತನವನ್ನು ಅದು ಎಷ್ಟು ವರ್ಷ ಬಾಳಿತು, ಎಷ್ಟು ಧ್ವನಿಮುದ್ರಿಕೆ ಮಾರಿತು ಎಂದು ಅಳೆಯುವ ರೂಢಿ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಆ ಅಳತೆಯಿಂದ ಕ್ವಿಸ್ಟ್ ಸೊನ್ನೆ. ಕಿವಿಯಿಂದ ಅಳೆದರೆ ಹಾಗಿಲ್ಲ. ಅದನ್ನು ವಿವರಿಸಲು ನಾನು ಸ್ವಲ್ಪ ಹಿಂದಿನಿಂದ ಬರಬೇಕು.

ಬ್ಲ್ಯಾಕ್ ಮೆಟಲ್ ಎಂಬ ಹೆಸರು ಬಂದದ್ದು ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನ ವೆನಮ್ ತಂಡ 1982ರಲ್ಲಿ ಅದೇ ಹೆಸರಿನಲ್ಲಿ ತಂದ ಆಲ್ಬಂನಿಂದ. ಸ್ವೀಡನ್ನಿನ ಬಾಥೊರಿ ತಂಡ ಅದಕ್ಕೆ ಇನ್ನೂ ಒರಟಾದ, ಇನ್ನೂ ಚಳಿ ಹಿಡಿಸುವ ರೂಪ ಕೊಟ್ಟಿತು. ನಾರ್ವೆಯಲ್ಲಿ ಮೇಹೆಮ್ ತಂಡ 1984ರಲ್ಲಿ ಹುಟ್ಟಿತು. ಅದರ ಗಿಟಾರ್ ವಾದಕ, ಯುರೋನಿಮಸ್ ಎಂದು ಹೆಸರಿಟ್ಟುಕೊಂಡಿದ್ದ ಓಯ್ಸ್ಟೈನ್ ಆರ್ಸೆತ್, 1991ರಲ್ಲಿ ಆಸ್ಲೋ ನಗರದಲ್ಲಿ ಒಂದು ಧ್ವನಿಮುದ್ರಿಕೆಗಳ ಅಂಗಡಿ ತೆರೆದ. ಹದಿನಾರು ಹದಿನೇಳರ ಹುಡುಗರು ಅಲ್ಲಿ ಸೇರತೊಡಗಿದರು. ಮುಂದಿನ ಎರಡು ಮೂರು ವರ್ಷಗಳಲ್ಲಿ ಆ ಪುಟ್ಟ ದೇಶದಿಂದ ಡಾರ್ಕ್‌ಥ್ರೋನ್, ಇಮ್ಮಾರ್ಟಲ್, ಸಟೈರಿಕಾನ್, ಎಂಪರರ್ ಎಂದು ಒಂದರ ಹಿಂದೆ ಒಂದು ತಂಡ ಮೇಲೆದ್ದಿತು.

ಮೊದಲ ಸಲ ಕೇಳುವವರಿಗೆ ಈ ಸಂಗೀತ ಬರೀ ಗದ್ದಲ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಗದ್ದಲದ ಒಳಗೆ ಒಂದು ವ್ಯವಸ್ಥೆ ಇದೆ. ಸಾಮಾನ್ಯ ರಾಕ್ ಸಂಗೀತದ ಗಿಟಾರ್ ವಾದಕ ಒರಟು ನಾದದಲ್ಲಿ ನುಡಿಸುವಾಗ ಷಡ್ಜ ಮತ್ತು ಪಂಚಮ ಎರಡನ್ನೇ ಜೊತೆಗೂಡಿಸುತ್ತಾನೆ. ಅದರಿಂದ ಬಲ ಬರುತ್ತದೆ, ಭಾವ ಬರುವುದಿಲ್ಲ. ನಾರ್ವೆಯ ಈ ಹುಡುಗರು ಆ ಎರಡರ ನಡುವೆ ಸಾಧಾರಣ ಗಾಂಧಾರವನ್ನೂ ಸೇರಿಸಿ ಮೂರು ಸ್ವರ ಒಟ್ಟಿಗೆ ಮೊಳಗಿಸಿದರು. ಆ ಒಂದು ಗಾಂಧಾರದಿಂದ ಶಬ್ದಕ್ಕೆ ವಿಷಾದ ಬಂತು. ಎರಡನೆಯದಾಗಿ, ಅವರು ತಂತಿಯನ್ನು ಒಂದೊಂದಾಗಿ ಮೀಟುವುದಿಲ್ಲ. ಮಣಿಕಟ್ಟು ನಡುಗಿದ ಹಾಗೆ, ಒಂದೇ ಸ್ವರವನ್ನು ಬಿಡುವಿಲ್ಲದೆ ಮೇಲೆ ಕೆಳಗೆ ಮೀಟುತ್ತಲೇ ಇರುತ್ತಾರೆ. ಅದಕ್ಕೆ ಟ್ರೆಮೊಲೊ ಎನ್ನುತ್ತಾರೆ. ಡ್ರಮ್ ವಾದಕ ಎರಡು ಕೈ, ಎರಡು ಕಾಲು ಬಳಸಿ ಮಿತಿಮೀರಿದ ವೇಗದಲ್ಲಿ ಹೊಡೆಯುತ್ತಾನೆ. ವೇಗ ಒಂದು ಹಂತ ದಾಟಿದ ಮೇಲೆ ಪೆಟ್ಟುಗಳು ಕೇಳಿಸುವುದು ನಿಂತು ಒಂದು ಹರಿವು ಕೇಳಿಸತೊಡಗುತ್ತದೆ. ಅದರ ಕೆಳಗೆ ಸ್ವರಗಳು ಬಹಳ ನಿಧಾನವಾಗಿ ಬದಲಾಗುತ್ತಿರುತ್ತವೆ. ಕೈ ಓಡುತ್ತದೆ, ರಾಗ ನಡೆಯುತ್ತದೆ. ಈ ಎರಡು ವೇಗಗಳ ನಡುವಿನ ಅಂತರದಲ್ಲೇ ಈ ಸಂಗೀತದ ಪ್ರಾಣ ಇದೆ.

ಪಾಶ್ಚಾತ್ಯ ವಾದ್ಯಗೋಷ್ಠಿಯಲ್ಲಿ ಪಿಟೀಲು ನುಡಿಸುವವರು ಭಯವನ್ನೋ ಕಾತರವನ್ನೋ ಸೂಚಿಸಬೇಕಾದಾಗ ಕಮಾನನ್ನು ಹೀಗೆಯೇ ನಡುಗಿಸುತ್ತಾರೆ. ಅದರ ಹೆಸರೂ ಟ್ರೆಮೊಲೊ. ಹಾಗಾಗಿ, ಸಿಂಫೋನಿಕ್, ಅಂದರೆ ವಾದ್ಯಗೋಷ್ಠಿಯ ಗುಣ, ಎಂಬುದು ಬ್ಲ್ಯಾಕ್ ಮೆಟಲ್‌ಗೆ ಹೊರಗಿನಿಂದ ಅಂಟಿಸಿದ ಅಲಂಕಾರ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ವಾದ್ಯಗೋಷ್ಠಿಯ ಬೀಜ ಆ ಗಿಟಾರಿನ ಕೈಯಲ್ಲೇ ಇತ್ತು. ಕೀಬೋರ್ಡ್ ಬಂದು ಅದನ್ನು ಹೊರಗೆ ತೋರಿಸಿತು, ಅಷ್ಟೆ.

ಮುಖಕ್ಕೆ ಬಿಳಿ ಬಳಿದು ಕಣ್ಣಿನ ಸುತ್ತ ಕಪ್ಪು ಹಚ್ಚಿ ನಿಲ್ಲುವ ಈ ಹುಡುಗರ ಚಿತ್ರ ನೋಡಿ ಹೆದರುವವರಿಗೆ ಒಂದು ಮಾತು. ಯಕ್ಷಗಾನದ ಬಣ್ಣದ ವೇಷವನ್ನು ಕಂಡು ಬೆಳೆದ ನಮಗೆ ಇದು ಪೂರ್ತಿ ಅಪರಿಚಿತ ಆಗಬೇಕಿಲ್ಲ. ಮುಖದ ತುಂಬ ಅಕ್ಕಿಹಿಟ್ಟಿನ ಚಿಟ್ಟಿ ಇಟ್ಟು, ಚೆಂಡೆಯ ಅಬ್ಬರದ ನಡುವೆ, ಮಾತಿಗೆ ಮೊದಲು ಅಟ್ಟಹಾಸ ಮಾಡುತ್ತ ಬರುವ ರಾಕ್ಷಸ ವೇಷವನ್ನು ನೋಡಿ ಮಕ್ಕಳು ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತವೆ. ಆದರೂ ಬೆರಳ ಸಂದಿಯಿಂದ ನೋಡುತ್ತಲೇ ಇರುತ್ತವೆ. ಭಯಾನಕ, ರೌದ್ರ, ಬೀಭತ್ಸ ಇವುಗಳನ್ನು ರಸಗಳೆಂದು ಒಪ್ಪಿ ಶಾಸ್ತ್ರ ಬರೆದವರ ನಾಡು ಇದು. ಭಯವೂ ಆಸ್ವಾದ್ಯ ಎಂಬುದನ್ನು ಯಾರೂ ನಮಗೆ ಹೊಸದಾಗಿ ಕಲಿಸಬೇಕಿಲ್ಲ.

ಈಗ ಕೀಬೋರ್ಡಿನ ಕಥೆಗೆ ಬರುತ್ತೇನೆ. ದಕ್ಷಿಣ ನಾರ್ವೆಯಲ್ಲಿ ನೋಟೊಡೆನ್ ಎಂಬ ಸಣ್ಣ ಪಟ್ಟಣ ಇದೆ. ಜಲವಿದ್ಯುತ್ತಿನಿಂದ ಗೊಬ್ಬರ ತಯಾರಿಸುವ ಉದ್ಯಮ ಬೆಳೆದ ಊರು. ರ್ಯೂಕಾನ್ ಊರಿನ ಜೊತೆ 2015ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಎಂಪರರ್ ತಂಡ ಅಲ್ಲಿ 1991ರಲ್ಲಿ ಹುಟ್ಟಿತು. ಇಹ್ಸಾನ್ ಎಂಬ ಹೆಸರಿನ ವೇಗಾರ್ಡ್ ಟ್ವೈಟಾನ್ ಅದರ ಗಾಯಕ ಮತ್ತು ಸಂಯೋಜಕ. ಅವರ ಮೊದಲ ಪೂರ್ಣ ಆಲ್ಬಂ 'ಇನ್ ದ ನೈಟ್‌ಸೈಡ್ ಎಕ್ಲಿಪ್ಸ್' 1993ರ ಜುಲೈನಲ್ಲಿ ಮುದ್ರಣವಾಯಿತು, 1994ರಲ್ಲಿ ಹೊರಬಂತು. ಮುದ್ರಣದ ಹೊತ್ತಿಗೆ ಇಹ್ಸಾನ್‌ಗೆ ಹದಿನೇಳು ವರ್ಷ. ಹದಿನೇಳರ ಹುಡುಗ ಕೀಬೋರ್ಡಿನೊಳಗೆ ಅಡಗಿಸಿಟ್ಟ ತಂತಿವಾದ್ಯಗಳ ಸದ್ದನ್ನೂ ವೃಂದಗಾನದ ಸದ್ದನ್ನೂ ಗಿಟಾರಿನ ಹರಿವಿನ ಮೇಲೆ ಹಾಸಿದ. ಬೆಟ್ಟದಷ್ಟು ದೊಡ್ಡದೇನೋ ಎದ್ದು ಬಂದಂತಾಯಿತು.

ಈ ಆಲ್ಬಂ ಮುದ್ರಣವಾದ ಜಾಗ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಬರ್ಗೆನ್ ನಗರದಲ್ಲಿ ಗ್ರೀಗ್‌ಹಾಲೆನ್ ಎಂಬ ದೊಡ್ಡ ಸಂಗೀತ ಸಭಾಂಗಣ ಇದೆ. 1978ರಲ್ಲಿ ತೆರೆದದ್ದು. ನಾರ್ವೆಯ ಮಹಾ ಸಂಯೋಜಕ ಎಡ್ವರ್ಡ್ ಗ್ರೀಗ್ ಅವರ ಹೆಸರು ಅದಕ್ಕೆ. 1765ರಲ್ಲಿ ಆರಂಭವಾದ ಬರ್ಗೆನ್ ಫಿಲ್‌ಹಾರ್ಮೋನಿಕ್ ವಾದ್ಯಗೋಷ್ಠಿಯ ಮನೆ ಅದು. ಅದೇ ಕಟ್ಟಡದ ಸ್ಟುಡಿಯೊದಲ್ಲಿ ಏರಿಕ್ ಹುಂಡ್ವಿನ್ ಎಂಬ ಧ್ವನಿ ತಂತ್ರಜ್ಞ, ಎಲ್ಲರ ಬಾಯಲ್ಲಿ ಪಿಟ್ಟನ್, ಮೇಹೆಮ್, ಬುರ್ಜುಮ್, ಇಮ್ಮಾರ್ಟಲ್, ಎಂಪರರ್ ತಂಡಗಳ ಆಲ್ಬಂಗಳನ್ನು ಮುದ್ರಿಸಿಕೊಟ್ಟ. ಒಂದೇ ಸೂರಿನ ಅಡಿಯಲ್ಲಿ ಇನ್ನೂರು ವರ್ಷ ದಾಟಿದ ವಾದ್ಯಗೋಷ್ಠಿಯೂ ಇನ್ನೂ ಮೀಸೆ ಬಲಿಯದ ಹುಡುಗರೂ ಕೆಲಸ ಮಾಡಿದರು. ಗ್ರೀಗ್ ಅವರೇನೂ ಈ ಲೋಕಕ್ಕೆ ಹೊರಗಿನವರಲ್ಲ. 1876ರಲ್ಲಿ ರಂಗಕ್ಕೆ ಬಂದ 'ಪೇರ್ ಗಿಂಟ್' ನಾಟಕಕ್ಕೆ ಅವರು ಬರೆದ ಸಂಗೀತದಲ್ಲಿ ಬೆಟ್ಟದ ಹೊಟ್ಟೆಯೊಳಗಿನ ಟ್ರೋಲ್ ಎಂಬ ದೈತ್ಯರ ಅರಮನೆಯ ದೃಶ್ಯ ಬರುತ್ತದೆ. ಮೆಲ್ಲನೆ ಶುರುವಾಗಿ, ಒಂದೇ ಎಳೆ ಮತ್ತೆ ಮತ್ತೆ ತಿರುಗುತ್ತ, ವೇಗ ಏರುತ್ತ ಕೊನೆಗೆ ಸಿಡಿಯುವ ಸಂಗೀತ ಅದು. ಚಿತ್ರಕಾರ ಥಿಯೊಡೋರ್ ಕಿಟ್ಟೆಲ್ಸೆನ್ ಕಾಡಿನ ಭೂತಗಳನ್ನು, ಪ್ಲೇಗಿನ ಮುದುಕಿಯನ್ನು ಚಿತ್ರಿಸಿದ್ದು 1900ರ ಆಸುಪಾಸಿನಲ್ಲಿ. ಆ ಚಿತ್ರಗಳು ತೊಂಬತ್ತರ ದಶಕದಲ್ಲಿ ಬ್ಲ್ಯಾಕ್ ಮೆಟಲ್ ಆಲ್ಬಂಗಳ ಹೊದಿಕೆಗೆ ಬಂದವು. ಈ ಹುಡುಗರು ತಮ್ಮ ಅಜ್ಜಂದಿರ ಕಾಡಿಗೇ ಹೋದರು.

ಇಲ್ಲಿ ನಾನು ನಿಲ್ಲಬೇಕು. ನಾರ್ವೆಯ ಬ್ಲ್ಯಾಕ್ ಮೆಟಲ್ ಎಂದೊಡನೆ ಜಗತ್ತಿಗೆ ನೆನಪಾಗುವುದು ಅದರ ಸಂಗೀತ ಅಲ್ಲ, ಅಪರಾಧಗಳು. ಅವನ್ನು ಮುಚ್ಚಿಟ್ಟು ಈ ಮಾತು ಮುಂದುವರಿಸುವುದು ಸರಿಯಲ್ಲ. 1992ರ ಜೂನ್ 6ರಂದು ಬರ್ಗೆನ್ ಸಮೀಪದ ಫಾಂಟಾಫ್ಟ್‌ನಲ್ಲಿ ಮರದ ಒಂದು ಪುರಾತನ ಚರ್ಚು ಸುಟ್ಟುಹೋಯಿತು. ಹನ್ನೆರಡನೆಯ ಶತಮಾನದಲ್ಲಿ ಕಟ್ಟಿದ್ದು. ಹಾಳಾಗುವುದರಲ್ಲಿತ್ತೆಂದು 1883ರಲ್ಲಿ ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದ್ದರು. ಆಮೇಲೆ ಇನ್ನಷ್ಟು ಚರ್ಚುಗಳಿಗೆ ಬೆಂಕಿ ಬಿತ್ತು. ಎಂಪರರ್ ತಂಡದ ಗಿಟಾರ್ ವಾದಕ ಒಂದು ಚರ್ಚಿಗೆ ಬೆಂಕಿ ಇಟ್ಟದ್ದಕ್ಕೆ ಸೆರೆಮನೆ ಕಂಡ. ಅದೇ ತಂಡದ ಡ್ರಮ್ ವಾದಕ 1992ರ ಆಗಸ್ಟ್‌ನಲ್ಲಿ ಲಿಲ್ಲೆಹಾಮರ್ ಊರಿನಲ್ಲಿ ಒಬ್ಬ ಸಲಿಂಗಕಾಮಿ ಪುರುಷನನ್ನು ಚಾಕುವಿನಿಂದ ಇರಿದು ಕೊಂದ. ಹದಿನಾಲ್ಕು ವರ್ಷದ ಶಿಕ್ಷೆ ಆಯಿತು. 1993ರ ಆಗಸ್ಟ್ 10ರಂದು ಯುರೋನಿಮಸ್‌ನನ್ನು ಬುರ್ಜುಮ್‌ನ ವಾರ್ಗ್ ವಿಕರ್ನೆಸ್ ಕೊಂದ. ಮರುವರ್ಷ ಅವನಿಗೆ ಇಪ್ಪತ್ತೊಂದು ವರ್ಷದ ಶಿಕ್ಷೆ ಬಿತ್ತು.

ಕಲೆಯ ಹೆಸರಿನಲ್ಲಿ ಇವುಗಳಲ್ಲಿ ಒಂದಕ್ಕೂ ಕ್ಷಮೆ ಇಲ್ಲ. ಎಂಟುನೂರು ವರ್ಷದ ಮರಗೆಲಸವನ್ನು ಸುಟ್ಟವರು ತಮ್ಮ ಪೂರ್ವಿಕರ ಕೈಚಳಕವನ್ನೇ ಸುಟ್ಟರು. ಮನುಷ್ಯನನ್ನು ಕೊಂದದ್ದಕ್ಕಂತೂ ಯಾವ ವಿವರಣೆಯೂ ಬೇಕಿಲ್ಲ. ನನಗೆ ಇನ್ನೊಂದು ನೋವೂ ಇದೆ. ಪತ್ರಿಕೆಗಳು, ಪುಸ್ತಕಗಳು, ಸಿನಿಮಾಗಳು ಆ ನಾಲ್ಕೈದು ಜನರ ಹಿಂದೆಯೇ ಇವತ್ತಿಗೂ ಓಡುತ್ತಿವೆ. ಕೊಂದವನ ಹೆಸರು ಲೋಕಕ್ಕೆಲ್ಲ ಗೊತ್ತು. ಶಾಲೆಯ ಬಿಡುವಿನಲ್ಲಿ ಕೂತು, ಬಾಡಿಗೆ ಕೋಣೆಯಲ್ಲಿ ಅಭ್ಯಾಸ ಮಾಡಿ, ಒಂದು ಹಾಡನ್ನು ಹತ್ತಾರು ಸಲ ಕಟ್ಟಿ ಒಡೆದು ಮತ್ತೆ ಕಟ್ಟಿದವರ ಹೆಸರು ಗೊತ್ತಿಲ್ಲ. ಕ್ವಿಸ್ಟ್ ಬಗ್ಗೆ ಮಾತಾಡಬೇಕೆಂದು ನನಗೆ ಅನ್ನಿಸಿದ್ದಕ್ಕೆ ಇದೂ ಒಂದು ಕಾರಣ.

ಆಗಿನ ಭೂಗತ ಸಂಗೀತ ಹೇಗೆ ಹರಡುತ್ತಿತ್ತು ಎಂಬುದನ್ನು ಇವತ್ತಿನ ಚಿಕ್ಕವರಿಗೆ ಹೇಳಲೇಬೇಕು. ಭೂಗತ ಅಂದರೆ ಗುಪ್ತ ಸಂಘ ಅಲ್ಲ. ದೊಡ್ಡ ಕಂಪನಿಗಳ, ದೊಡ್ಡ ಅಂಗಡಿಗಳ, ದೂರದರ್ಶನದ ದಾರಿಗೆ ಹೊರಗೆ ಇದ್ದದ್ದು ಎಂದಷ್ಟೇ ಅರ್ಥ. ಅಲ್ಲಿ ಎಲ್ಲವೂ ಅಂಚೆಯ ಮೇಲೆ ನಡೆಯುತ್ತಿತ್ತು. ತಂಡದವರು ತಮ್ಮ ಹಾಡುಗಳನ್ನು ಕ್ಯಾಸೆಟ್ಟಿಗೆ ಇಳಿಸಿ, ಜೆರಾಕ್ಸ್ ಮಾಡಿದ ಹೊದಿಕೆ ಸುತ್ತಿ, ಪತ್ರದ ಜೊತೆ ಇನ್ನೊಂದು ದೇಶಕ್ಕೆ ಕಳಿಸುವರು. ಅಲ್ಲಿಂದ ಅದಕ್ಕೆ ಬದಲಾಗಿ ಇನ್ನೊಂದು ಕ್ಯಾಸೆಟ್ ಬರುವುದು. ಲಕೋಟೆಯೊಳಗೆ ಬೇರೆ ತಂಡಗಳ ಕರಪತ್ರಗಳನ್ನೂ ತುಂಬಿ ಕಳಿಸುವುದು ರೂಢಿ. ನಾರ್ವೆಯಲ್ಲಿ ಮೆಟಾಲಿಯನ್ ಎಂಬ ಹೆಸರಿನ ಯೋನ್ ಕ್ರಿಸ್ಟಿಯಾನ್‌ಸೆನ್ 1980ರ ದಶಕದಿಂದ 'ಸ್ಲೇಯರ್' ಎಂಬ ಪತ್ರಿಕೆಯನ್ನು ನಡೆಸುತ್ತಿದ್ದ. ಜಗತ್ತಿನ ನಾನಾ ಮೂಲೆಯ ತಂಡಗಳು ಪರಸ್ಪರ ಪರಿಚಯವಾದದ್ದು ಅಂಥ ಕೈಕೆಲಸದ ಪತ್ರಿಕೆಗಳಿಂದ. ನಮ್ಮ ಕನ್ನಡದ ಸಣ್ಣ ಸಾಹಿತ್ಯ ಪತ್ರಿಕೆಗಳನ್ನು ನಡೆಸಿದವರಿಗೆ ಆ ಶ್ರಮ, ಆ ಸಂತೋಷ ಎರಡೂ ಗೊತ್ತು.

ಇಟಲಿಯ ಮಿಲಾನ್ ನಗರದಲ್ಲಿ ರೋಬೆರ್ಟೊ ಮಮ್ಮರೆಲ್ಲಾ ಎಂಬಾತ, ಸ್ವತಃ ಸಂಗೀತಗಾರ, ಅವಾಂಗಾರ್ಡ್ ಮ್ಯೂಸಿಕ್ ಎಂಬ ಸಣ್ಣ ಪ್ರಕಾಶನ ನಡೆಸುತ್ತಿದ್ದ. ಕ್ವಿಸ್ಟ್ ತಂಡದ ಆಲ್ಬಂ ಅಚ್ಚಾದದ್ದು ಅಲ್ಲಿಂದ. ನಾರ್ವೆಯ ಹುಡುಗರ ನಾರ್ವೇಜಿಯನ್ ಹಾಡುಗಳನ್ನು ಒಬ್ಬ ಇಟಲಿಯವನು ಹಣ ಹಾಕಿ ಲೋಕಕ್ಕೆ ಕೊಟ್ಟ. ಅವನಿಗೆ ಆ ಭಾಷೆ ಅರ್ಥವಾಗಬೇಕಿರಲಿಲ್ಲ; ಸಂಗೀತ ಅರ್ಥವಾಗಿತ್ತು.

ಆಲ್ಬಂನ ಹೆಸರು 'ಫೋರ್ ಕುನ್ಸ್ಟೆನ್ ಮೋ ವಿ ಎವಿಗ್ ವೀಕೆ'. ಕಲೆಯ ಮುಂದೆ ನಾವು ಎಂದೆಂದೂ ಬಾಗಬೇಕು, ಕಲೆಗೆ ದಾರಿ ಬಿಟ್ಟು ಸರಿಯಬೇಕು, ಎಂಬ ಅರ್ಥ. ಆ ಹೆಸರನ್ನು ಹಳೆಯ ಕಾಲದ ಕಾಗುಣಿತದಲ್ಲೇ ಬರೆದಿದ್ದಾರೆ. ಟೊಮ್ ಹಾಗೆನ್ ಹಾಡಿ ಬಾಸ್ ಗಿಟಾರ್ ನುಡಿಸಿದ. ಹಾಲ್‌ವಾರ್ಡ್ ವೆನ್ನರ್ಸ್‌ಬರ್ಗ್ ಹಾಗೆನ್ ಗಿಟಾರ್ ಮತ್ತು ಕೀಬೋರ್ಡ್ ಹಿಡಿದ. ಮೊದಲ ಹಾಡಿಗೆ ಲ್ಯಾಟಿನ್ ಹೆಸರು, 'ಆರ್ಸ್ ಮ್ಯಾನಿಫೆಸ್ಟಿಯಾ'. ಉಳಿದವೆಲ್ಲ ನಾರ್ವೇಜಿಯನ್. ನಾನು ನಡೆಯುವ ನೆಲಕ್ಕೆ ಶಾಪವಿರಲಿ ಎಂಬ ಅರ್ಥದ ಒಂದು ಹಾಡು. ಪ್ರಪಾತದ ಮೇಲೆ ಒಂದು. 'ಸ್ವಾರ್ಟೆದಾಲ್' ಎಂದರೆ ಕಪ್ಪು ಕಣಿವೆ. ನನ್ನ ಮೈ ನನಗೆ ಹೊರೆ ಮಾತ್ರ ಎಂದು ಇನ್ನೊಂದು. ತತ್ವಪದಗಳನ್ನು ಕೇಳಿ ಬೆಳೆದ ಕಿವಿಗೆ ಈ ಮಾತು ದೂರದ್ದಲ್ಲ, ಆದರೆ ಇಲ್ಲಿ ಅದರ ಆಚೆ ಮುಕ್ತಿಯ ಆಸೆ ಇಲ್ಲ. ಕೊನೆಯದು 'ವೆಟ್ಟೆನೆಟ್ಟರ್', ಕಾಡಿನ ಅಗೋಚರ ಜೀವಿಗಳು ಓಡಾಡುವ ರಾತ್ರಿಗಳು. ಈ ಹೆಸರುಗಳ ಸಾಲನ್ನು ಗಮನಿಸಿ: ನೆಲ, ಪ್ರಪಾತ, ಕಣಿವೆ, ಮೈ, ರಾತ್ರಿ. ದೇವರನ್ನು ಬೈಯುವುದೇ ಈ ಪ್ರಕಾರದ ಕಸುಬು ಎಂದುಕೊಂಡವರಿಗೆ ಇದು ಆಶ್ಚರ್ಯ ತರಬೇಕು.

ಇನ್ನು ಸಂಗೀತ. ಎಂಪರರ್ ತಂಡದಲ್ಲಿ ಕೀಬೋರ್ಡ್ ಮುಂದೆ ಬಂದು ನಿಲ್ಲುತ್ತದೆ, ಕಿರೀಟ ಇಟ್ಟುಕೊಂಡು. ಕ್ವಿಸ್ಟ್‌ನಲ್ಲಿ ಅದು ಹಿಂದೆ ಇರುತ್ತದೆ. ರಾಗವನ್ನು ಹೊತ್ತು ನಡೆಯುವುದು ಗಿಟಾರ್. ಒಂದು ಎಳೆ ಶುರುವಾಗುತ್ತದೆ, ಅದು ಸುಲಭವಾಗಿ ಬಾಯಿಗೆ ಬರುವಂಥದ್ದು, ಗುನುಗಬಹುದಾದದ್ದು. ನಾಲ್ಕು ಸಲ ತಿರುಗುವಷ್ಟರಲ್ಲಿ ಅದರ ಹಿಂದೆ ತಂತಿವಾದ್ಯಗಳ ಒಂದು ದೀರ್ಘ ಸ್ವರ ಏಳುತ್ತದೆ. ಎದ್ದದ್ದು ಯಾವಾಗ ಎಂದು ಕಿವಿಗೆ ತಿಳಿಯುವುದಿಲ್ಲ. ಇತ್ತಲ್ಲ, ಆಗಿನಿಂದಲೂ ಇತ್ತಲ್ಲ ಅನ್ನಿಸುತ್ತದೆ. ಅದು ಹೋದಾಗ ಮಾತ್ರ ಗೊತ್ತಾಗುತ್ತದೆ, ಯಾಕೆಂದರೆ ಅದರೊಂದಿಗೆ ಹಾಡಿನ ಅಗಲವೇ ಕುಗ್ಗಿಬಿಡುತ್ತದೆ. ನಮ್ಮ ಕಛೇರಿಗಳಲ್ಲಿ ತಂಬೂರಿಯ ಕೆಲಸ ಏನೆಂದು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಹಾಡುಗಳು ದೀರ್ಘವಾದವು, ಪಲ್ಲವಿಗೆ ಮತ್ತೆ ಮತ್ತೆ ಮರಳುವ ಅವಸರ ಅವಕ್ಕಿಲ್ಲ. ಒಂದು ಎಳೆಯಿಂದ ಇನ್ನೊಂದು ಎಳೆ ಹುಟ್ಟುತ್ತದೆ, ಮೊದಲಿನದು ಹಿಂದೆ ಉಳಿಯುತ್ತದೆ. ಗಾಯಕನ ಗಂಟಲು ಹರಿದ ದನಿ ಇವೆಲ್ಲದರ ನಡುವೆ ಒಂದು ವಾದ್ಯವೇ ಆಗಿಬಿಡುತ್ತದೆ.

ಕಡಿಮೆ ದುಡ್ಡಿನ ಮುದ್ರಣಕ್ಕೆ ಅದರದೇ ಸತ್ಯ ಇದೆ. ಎಪ್ಪತ್ತು ಎಂಬತ್ತು ಜನರ ವಾದ್ಯಗೋಷ್ಠಿಯನ್ನು ಕರೆಸುವ ಶಕ್ತಿ ಈ ಹುಡುಗರಿಗೆ ಇರಲಿಲ್ಲ. ಇದ್ದದ್ದು ಒಂದು ಯಂತ್ರ, ಅದರೊಳಗೆ ನೂರಾರು ಪಿಟೀಲುಗಳ ನೆರಳು. ಆ ನೆರಳು ನಿಜವಾದ ಪಿಟೀಲಿನ ಹಾಗೆ ಕೇಳಿಸುವುದಿಲ್ಲ. ಕೇಳಿಸದೇ ಇರುವುದರಿಂದಲೇ ಅದು ಈ ಸಂಗೀತಕ್ಕೆ ಒದಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಿಜವಾದ ಪಿಟೀಲಿನ ಹಿಂದೆ ಒಬ್ಬ ಮನುಷ್ಯ ಕೂತಿರುತ್ತಾನೆ, ಅವನ ಉಸಿರು ಕೇಳುತ್ತದೆ. ಯಂತ್ರದ ನೆರಳಿನ ಹಿಂದೆ ಯಾರೂ ಇಲ್ಲ. ಮನುಷ್ಯರಿಲ್ಲದ ಕಣಿವೆಯನ್ನು ಹಾಡಬೇಕಾದವರಿಗೆ ಅದು ತಕ್ಕ ವಾದ್ಯ.

ಇದೇ ದಾರಿಯಲ್ಲಿ ಹೊರಟು ಬಹಳ ದೂರ ಹೋದ ಇನ್ನೊಂದು ತಂಡ ಡಿಮ್ಮು ಬೊರ್ಗಿರ್. ಅವರ ಮೊದಲ ಎರಡು ಆಲ್ಬಂಗಳೂ ನಾರ್ವೇಜಿಯನ್ ಭಾಷೆಯಲ್ಲಿದ್ದವು. ಎರಡನೆಯದಾದ 'ಸ್ಟೋರ್ಮ್‌ಬ್ಲೋಸ್ಟ್' ಬಂದದ್ದು ಕ್ವಿಸ್ಟ್ ಆಲ್ಬಂ ಬಂದ 1996ರಲ್ಲೇ. ಅದರಲ್ಲೊಂದು ಸುಂದರವಾದ ವಾದ್ಯಸಂಗೀತದ ತುಣುಕು ಇತ್ತು. ಅದು 'ಅಗನಿ' ಎಂಬ ಕಂಪ್ಯೂಟರ್ ಆಟಕ್ಕೆ ಟಿಮ್ ರೈಟ್ ಮಾಡಿದ ಸಂಗೀತ ಎಂದು ಆಮೇಲೆ ಬೆಳಕಿಗೆ ಬಂತು. 2005ರಲ್ಲಿ ತಂಡ ಆ ಇಡೀ ಆಲ್ಬಂ ಅನ್ನು ಹೊಸದಾಗಿ ಮುದ್ರಿಸಿದಾಗ ಆ ತುಣುಕು ಇರಲಿಲ್ಲ. 1997ರಲ್ಲಿ ಅವರು ಜರ್ಮನಿಯ ದೊಡ್ಡ ಪ್ರಕಾಶನದ ಮೂಲಕ ಇಂಗ್ಲಿಷ್ ಹಾಡುಗಳ ಆಲ್ಬಂ ತಂದರು, ಲೋಕಪ್ರಸಿದ್ಧರಾದರು. 2010ರಲ್ಲಿ 'ಅಬ್ರಹದಬ್ರ' ಆಲ್ಬಂನಲ್ಲಿ ನಾರ್ವೆಯ ಆಕಾಶವಾಣಿಯ ವಾದ್ಯಗೋಷ್ಠಿಯೇ ಅವರ ಜೊತೆ ನುಡಿಸಿತು. 2011ರಲ್ಲಿ ಆಸ್ಲೋದ ದೊಡ್ಡ ಅಂಗಣದಲ್ಲಿ ಆ ವಾದ್ಯಗೋಷ್ಠಿ, ವೃಂದಗಾಯಕರು, ತಂಡ ಎಲ್ಲ ಒಂದೇ ವೇದಿಕೆ ಏರಿದರು. ಬಾನುಲಿಯಲ್ಲಿ ಕೂತು ಮಾತಾಡುತ್ತಿರುವ ನನಗೆ ಇದನ್ನು ಹೇಳುವಾಗ ಸಂತೋಷ ಆಗುತ್ತದೆ. ಒಂದು ದೇಶದ ಸಾರ್ವಜನಿಕ ಬಾನುಲಿ ತನ್ನ ವಾದ್ಯಗೋಷ್ಠಿಯನ್ನು ಇಂಥ ಸಂಗೀತಕ್ಕೆ ಕೊಟ್ಟಿತು.

ಆದರೂ ಎರಡನ್ನೂ ಒಂದರ ಹಿಂದೆ ಒಂದು ಕೇಳಿದಾಗ ನನ್ನ ಕಿವಿ ಮತ್ತೆ ಕ್ವಿಸ್ಟ್ ಕಡೆಗೇ ತಿರುಗುತ್ತದೆ. ನಿಜವಾದ ವಾದ್ಯಗೋಷ್ಠಿ ಬಂದಾಗ ಗಿಟಾರ್ ಹಿಂದೆ ಸರಿಯಿತು. ಎಲ್ಲ ಸ್ವರವೂ ಸ್ಪಷ್ಟ, ಎಲ್ಲ ಜಾಗವೂ ತುಂಬಿದೆ, ಕೇಳುವವನು ಊಹಿಸಿಕೊಳ್ಳಲು ಏನನ್ನೂ ಬಿಟ್ಟಿಲ್ಲ. ವೈಭವ ಇದೆ, ಚಳಿ ಇಲ್ಲ.

ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಕ್ವಿಸ್ಟ್ ಕಣ್ಮರೆಯಾದ ಗಳಿಗೆ ಎಂಥದ್ದು ಎಂದು ತಿಳಿಯುತ್ತದೆ. 1996ರಲ್ಲಿ ಇಂಗ್ಲೆಂಡಿನ ಕ್ರೇಡಲ್ ಆಫ್ ಫಿಲ್ತ್ ತಂಡದ 'ಡಸ್ಕ್ ಅಂಡ್ ಹರ್ ಎಂಬ್ರೇಸ್' ಬಂತು. 1997ರಲ್ಲಿ ಎಂಪರರ್ ತಂಡದ ಎರಡನೆಯ ಆಲ್ಬಂ, ಅದೇ ವರ್ಷ ಡಿಮ್ಮು ಬೊರ್ಗಿರ್ ಗೆದ್ದ ಆಲ್ಬಂ. ಸಿಂಫೋನಿಕ್ ಬ್ಲ್ಯಾಕ್ ಮೆಟಲ್‌ಗೆ ಮಾರುಕಟ್ಟೆ ತೆರೆದುಕೊಂಡದ್ದೇ ಆ ಎರಡು ವರ್ಷಗಳಲ್ಲಿ. ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ಈ ಹುಡುಗರ ಬಳಿ ಒಂದು ಒಳ್ಳೆಯ ಆಲ್ಬಂ ಇತ್ತು. ಇನ್ನೊಂದು ಮಾಡಿದ್ದರೆ ಕೊಳ್ಳುವವರು ಸಿಗುತ್ತಿದ್ದರು. ಮಾಡಲಿಲ್ಲ.

ಹಾಲ್‌ವಾರ್ಡ್ ಹಾಗೆನ್ ಸಂಗೀತವನ್ನು ಬಿಡಲಿಲ್ಲ. ಅವನು ಯೆನ್ಸ್ ಪೆಟ್ಟರ್ ನಿಲ್ಸೆನ್ ಜೊತೆ ಸೇರಿ ಎಕ್ಸ್‌ಪ್ಲೋಡಿಂಗ್ ಪ್ಲಾಸ್ಟಿಕ್ಸ್ ಎಂಬ ಜೋಡಿಯಾದ. ಅವರ ಮೊದಲ ಆಲ್ಬಂ 2001ರಲ್ಲಿ ಬಂತು. ಅದು ಪೂರ್ತಿ ಬೇರೆ ಲೋಕ: ಜ್ಯಾಸ್ ತುಣುಕುಗಳನ್ನು ಯಂತ್ರದಲ್ಲಿ ಕತ್ತರಿಸಿ ಜೋಡಿಸಿ ಚುರುಕಾಗಿ ಓಡಿಸುವ ಸಂಗೀತ. ಮುಖಬಣ್ಣ ಇಲ್ಲ, ಕಾಡು ಇಲ್ಲ, ಕಿರುಚಾಟ ಇಲ್ಲ. ಅದನ್ನು ಕೇಳಿದವರು ಕ್ವಿಸ್ಟ್ ಕೇಳಿದರೆ ಇವೆರಡೂ ಒಬ್ಬನ ಕೆಲಸ ಎಂದು ನಂಬುವುದೇ ಕಷ್ಟ. ನನಗೆ ಮಾತ್ರ ಒಂದು ಸಂಬಂಧ ಕಾಣುತ್ತದೆ. ಪದರಗಳನ್ನು ಒಂದರ ಮೇಲೊಂದು ಇಡುವ, ಯಾವುದು ಮುಂದೆ ಯಾವುದು ಹಿಂದೆ ಎಂದು ತೂಗಿ ನೋಡುವ ಅದೇ ಎಚ್ಚರ ಎರಡರಲ್ಲೂ ಇದೆ. ಇಪ್ಪತ್ತರ ಆಸುಪಾಸಿನಲ್ಲಿ ಒಂದು ಮಾತನ್ನು ಪೂರ್ತಿಯಾಗಿ ಹೇಳಿ ಮುಗಿಸಿದವನು ಮೂವತ್ತರಲ್ಲಿ ಅದನ್ನೇ ಯಾಕೆ ಹೇಳುತ್ತಿರಬೇಕು? ಅದೇ ಮಾತನ್ನು ಹೊಸ ಹೊದಿಕೆಯಲ್ಲಿ ಎರಡೆರಡು ವರ್ಷಕ್ಕೊಮ್ಮೆ ಹೇಳುತ್ತ ಬಂದ ಎಷ್ಟೋ ತಂಡಗಳ ಅಭಿಮಾನಿ ನಾನು; ಅವುಗಳ ಏಳನೆಯ, ಎಂಟನೆಯ ಆಲ್ಬಂ ಕೇಳುವಾಗ ಮನಸ್ಸು ಮೊದಲನೆಯದಕ್ಕೇ ಓಡುತ್ತದೆ. ಕ್ವಿಸ್ಟ್ ವಿಷಯದಲ್ಲಿ ಓಡಲು ಬೇರೆ ಜಾಗವೇ ಇಲ್ಲ. ಇರುವುದು ಅದೊಂದು, ಅದು ಇದ್ದ ಹಾಗೇ ಇದೆ.

ನಮ್ಮ ನಾಡಿಗೂ ಈ ಸಂಗೀತಕ್ಕೂ ಇರುವ ನಂಟಿನ ಮಾತು ಹೇಳದೆ ಮುಗಿಸಲಾರೆ. ಬೆಂಗಳೂರಿನಲ್ಲಿ ಮೆಟಲ್ ಸಂಗೀತಕ್ಕೆ ಹಳೆಯ ಬೇರು ಇದೆ. 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಹಾಡಿದಾಗ, 2011ರ ಅಕ್ಟೋಬರ್‌ನಲ್ಲಿ ಮೆಟಾಲಿಕಾ ಬಂದಾಗ ಸೇರಿದ ಜನಸ್ತೋಮವನ್ನು ಪತ್ರಿಕೆಗಳು ಬರೆದವು. ಅದಕ್ಕೂ ಎಷ್ಟೋ ಮೊದಲು, 1990ರ ದಶಕದಲ್ಲೇ, ಡೈಯಿಂಗ್ ಎಂಬ್ರೇಸ್, ಕ್ರಿಪ್ಟೋಸ್ ಮುಂತಾದ ತಂಡಗಳು ಈ ಊರಿನಲ್ಲಿ ನುಡಿಸುತ್ತಿದ್ದವು. ಆಗ ಅವರ ಬಗ್ಗೆ ಬರೆದವರು ಕಡಿಮೆ. ಅವರ ಭಾಷೆ ಇಂಗ್ಲಿಷ್ ಆಗಿತ್ತು. ಈ ಸಂಗೀತಕ್ಕೆ ಬೇರೆ ಭಾಷೆ ಒಗ್ಗುವುದಿಲ್ಲ ಎಂಬ ನಂಬಿಕೆ ಎಲ್ಲ ಕಡೆ ಇತ್ತು. ಆ ನಂಬಿಕೆಯನ್ನು ಕ್ವಿಸ್ಟ್‌ನಂಥವರು ತಮ್ಮ ದೇಶದಲ್ಲಿ ಒಡೆದರು. ನಾರ್ವೆಯದೇ ಉಲ್ವರ್ ತಂಡ 1995ರಲ್ಲಿ ತಂದ ಮೊದಲ ಆಲ್ಬಂ ಕೂಡ ಹಳೆಗಾಲದ ಭಾಷೆಯಲ್ಲಿದೆ, ಬೆಟ್ಟದೊಳಗೆ ಸೆಳೆದೊಯ್ಯಲ್ಪಟ್ಟ ಹುಡುಗಿಯೊಬ್ಬಳ ಜಾನಪದ ಕಥೆ ಹೇಳುತ್ತದೆ.

ಬೆಂಗಳೂರಿನಲ್ಲಿ ಆ ನಂಬಿಕೆಯನ್ನು ಒಡೆದ ತಂಡದ ಹೆಸರು ದ್ವೇಷ. ಅವರದು ಡೆತ್ ಮೆಟಲ್, ಬ್ಲ್ಯಾಕ್ ಮೆಟಲ್‌ನ ದಾಯಾದಿ ಪ್ರಕಾರ. ಸಿಂಫೋನಿಯ ಸೋಂಕು ಇಲ್ಲದ ಒರಟು ಸಂಗೀತ. 2014ರಲ್ಲಿ ಬಂದ ಅವರ ಆಲ್ಬಂ 'ಸ್ತೂಪ'. ಹಾಡುಗಳೆಲ್ಲ ಕನ್ನಡ. ಉಗ್ರ ನರಸಿಂಹ, ಹೊಯ್ಸಳರ ಸಳ, ಯುದ್ಧಭೂಮಿ ಅದರ ವಸ್ತುಗಳು. ಅದನ್ನು ಅಚ್ಚು ಹಾಕಿದ್ದು ಜರ್ಮನಿಯ ಒಂದು ಸಣ್ಣ ಪ್ರಕಾಶನ. ನಾರ್ವೇಜಿಯನ್ ಹಾಡನ್ನು ಮಿಲಾನ್‌ನವನು ಪ್ರಕಟಿಸಿದ ಹಾಗೆಯೇ ಕನ್ನಡದ ಹಾಡನ್ನು ಜರ್ಮನಿಯವರು ಪ್ರಕಟಿಸಿದರು. ಹಳೇಬೀಡಿನ ಗೋಡೆಯ ಮೇಲೆ ಕರುಳು ಬಗೆಯುತ್ತಿರುವ ನರಸಿಂಹನನ್ನು ಕೆತ್ತಿದ ನಾಡಿನ ಭಾಷೆಯಲ್ಲಿ ಆ ಹಾಡು ಗಂಟಲು ಹರಿದು ಬಂದಾಗ ನನಗೆ ಅದು ಹೊರಗಿನದೆಂದು ಅನ್ನಿಸಲಿಲ್ಲ. ಕನ್ನಡದ ಮಹಾಪ್ರಾಣಗಳು, ಒತ್ತಕ್ಷರಗಳು ಆ ದನಿಗೆ ಎಷ್ಟು ಚೆನ್ನಾಗಿ ಒದಗುತ್ತವೆ ಎಂಬುದನ್ನು ಕೇಳಿಯೇ ತಿಳಿಯಬೇಕು.

ಕ್ವಿಸ್ಟ್ ತಂಡದ ಆಲ್ಬಂ ವರ್ಷಗಳ ನಂತರ ಮತ್ತೆ ಅಚ್ಚಾಗಿದೆ. ಕೈಯಿಂದ ಕೈಗೆ ದಾಟಿಸುತ್ತ ಬಂದ ಕೇಳುಗರಿಂದಲೇ ಅದು ಉಳಿದುಬಂದಿದೆ. ಕುತೂಹಲ ಹುಟ್ಟಿದವರು ಮೊದಲು 'ಸ್ವಾರ್ಟೆದಾಲ್' ಕೇಳಿ. ಮೊದಲ ಸಲ ಡ್ರಮ್ಮಿನ ಮೇಲೆ ಗಮನ ಇಡಬೇಡಿ, ಗಾಯಕನ ಮೇಲೂ ಬೇಡ. ಗಿಟಾರಿನ ಎಳೆಯನ್ನು ಹಿಡಿದುಕೊಳ್ಳಿ. ಎರಡನೆಯ ಸಲ ಅದರ ಹಿಂದಿನ ಕೀಬೋರ್ಡನ್ನು ಹುಡುಕಿ. ಮೂರನೆಯ ಸಲದ ಹೊತ್ತಿಗೆ ಕಿರುಚುವ ದನಿ ತಾನಾಗಿ ತನ್ನ ಜಾಗ ಹುಡುಕಿಕೊಂಡಿರುತ್ತದೆ. ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಕೋಣೆಯ ಬಾಗಿಲು ಹಾಕಿಕೊಂಡು ಇಂಥದ್ದನ್ನು ಕೇಳುತ್ತಿದ್ದರೆ, ಒಂದು ದಿನ ಬಾಗಿಲು ತಟ್ಟಿ, ನನಗೂ ಒಂದು ಹಾಡು ಕೇಳಿಸು ಎಂದು ಕೇಳಿ ನೋಡಿ. ಯಾವ ಹಾಡಿನಿಂದ ಶುರುಮಾಡಬೇಕೆಂದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.